ಆರುನೂರಾ ನಲವತ್ತು ಕೊಂಡಿ

ಯಂತ್ರಗಳೇ ರೋಗಿಯ ಒಳಗಿನ ಚಿತ್ರ ತೆಗೆದು, ಯಂತ್ರಗಳೇ ಅದನ್ನು ಓದಿ ವರದಿ ಬರೆಯತೊಡಗಿದ ಮೇಲೆ, ಆ ವಿದ್ಯೆ ಕಲಿತ ನಮ್ಮಂಥವರಿಗೆ ಇನ್ನೇನು ಕೆಲಸ ಎಂಬ ಪ್ರಶ್ನೆ ಎಲ್ಲ ಕಡೆ ಎದ್ದಿತ್ತು. ಬಾಗಲಕೋಟೆಯಲ್ಲಿ ನಾನು ವೈದ್ಯಕೀಯ ಚಿತ್ರಣದ ಪದವಿ ಮುಗಿಸುವ ಹೊತ್ತಿಗೆ ನನ್ನ ತರಗತಿಯ ಅರ್ಧ ಜನ ಬೇರೆ ದಾರಿ ಹಿಡಿದಿದ್ದರು. ಫಿನ್‌ಲೆಂಡಿನ ಉತ್ತರದ ಬಂದರು ಊರೊಂದರ ವಿಶ್ವವಿದ್ಯಾಲಯ ಮಾತ್ರ ಆ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿತ್ತು. ಹೊರದೇಶದ ವಿದ್ಯಾರ್ಥಿಗಳಿಗಾಗಿ ಅದು ನಡೆಸುತ್ತಿದ್ದ ಆರು ತಿಂಗಳ ಕಾರ್ಯಕ್ರಮಕ್ಕೆ ಒಂದೇ ನಿಯಮ: ಯಾರ ಮನೆಯಲ್ಲಿ ನೂರು ದಿನ ಉಂಡು ಮಲಗಿದ್ದೀರೋ ಅವರ ದೇಹದ ಚಿತ್ರವನ್ನು ಮಾತ್ರ ನೀವು ತೆಗೆಯಬಹುದು. ಬೆಳಿಗ್ಗೆ ಪ್ರಯೋಗಾಲಯ, ಮಧ್ಯಾಹ್ನದಿಂದ ಮನೆ. ಪಾತ್ರೆ ತೊಳೆಯುವುದು, ಅಂಗಳದ ಹಿಮ ಎತ್ತಿ ಹಾಕುವುದು, ಅವರ ಮಾತು ಕಲಿಯುವುದು, ಎಲ್ಲವೂ ಪಠ್ಯವೇ.

“ಯಂತ್ರಕ್ಕೆ ಎದೆ ಕಾಣುತ್ತೆ. ಅದು ಯಾರ ಎದೆ ಅಂತ ಬಲ್ಲ ಒಬ್ಬರಾದರೂ ಆ ಕೋಣೆಯಲ್ಲಿ ಇರಬೇಕು,” ಎಂದು ಪ್ರೊಫೆಸರ್ ಸಿರ್ಕಾ ಮೊದಲ ದಿನ ಹೇಳಿದರು. ಆ ದಿನದ ಭಾಷಣ ಅಷ್ಟೇ.

ನನ್ನ ಪಾಲಿಗೆ ಬಂದದ್ದು ರೇಯೊ ಮತ್ತು ತೂಲಾ ಎಂಬ ದಂಪತಿಯ ಮನೆ. ಇಬ್ಬರಿಗೂ ಅರವತ್ತರ ಆಸುಪಾಸು. ರೇಯೊ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಈಗ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸಮುದ್ರಕ್ಕೆ ತೂತು ಕೊರೆದು, ತಾವೇ ಹೆಣೆದ ಬಲೆ ಇಳಿಸಿ ಮೀನು ಹಿಡಿಯುತ್ತಿದ್ದರು. ತೂಲಾ ಮೂವತ್ತು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಆ ಮನೆಯಲ್ಲಿ ಊಟಕ್ಕೆ ಕೂತರೆ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೊದಲ ವಾರ ನಾನೇನು ತಪ್ಪು ಮಾಡಿದೆನೋ ಎಂದು ಹೆದರಿದೆ. ಮೂರನೆಯ ವಾರಕ್ಕೆ ತಿಳಿಯಿತು, ಅದು ಮುನಿಸಿನ ಮೌನವಲ್ಲ. ಮಾತು ಸಾಕೆನಿಸಿದ ಇಬ್ಬರು ಒಂದೇ ಕಂಬಳಿ ಹೊದ್ದಂತೆ ಹೊದ್ದುಕೊಂಡ ಮೌನ. ಇಳಕಲ್ಲಿನ ನಮ್ಮ ಮನೆಯಲ್ಲಿ ಎರಡು ಮಗ್ಗಗಳ ಸದ್ದಿನ ನಡುವೆ ಬೆಳೆದ ನನಗೆ ಅದು ಹೊಸದು. ನಿಧಾನವಾಗಿ ನನಗೂ ಅದು ಹಿತವಾಗತೊಡಗಿತು.

ಶನಿವಾರ ಶನಿವಾರ ಸೌನಾ. ಅದು ಕಟ್ಟಿಗೆಯ ಸಣ್ಣ ಕೋಣೆ. ಒಳಗೆ ಒಲೆಯ ಮೇಲೆ ಕಾದ ಕಲ್ಲುಗಳಿರುತ್ತವೆ, ಕಲ್ಲಿಗೆ ನೀರು ಎರಚಿ ಏಳುವ ಆವಿಯಲ್ಲಿ ಬೆವರುತ್ತ ಕೂರುವುದು. ಹೆಂಗಸರೆಲ್ಲ ಹೋದ ಮೇಲೆ ಗಂಡಸರು. ಮೊದಲ ಸಲ ನಾನು ನೈಟಿ ಹಾಕಿಕೊಂಡೇ ಹೋದೆ. ತೂಲಾ ಅಷ್ಟು ನಕ್ಕಿದ್ದನ್ನು ಮತ್ತೆ ನೋಡಲಿಲ್ಲ. “ನಮ್ಮ ದೇಶದಲ್ಲಿ ಅಂಗಿ ತೊಟ್ಟು ಸೌನಾಕ್ಕೆ ಹೋದವಳು ನೀನೇ ಮೊದಲಿರಬೇಕು ದಾಕ್ಷಾ. ಒದ್ದೆ ಆದಮೇಲೆ ಅದನ್ನೇನು ಮಾಡ್ತೀಯ, ಕುಡೀತೀಯಾ?” ಎಂದರು.

ಎಂಬತ್ತನೆಯ ದಿನದ ಹೊತ್ತಿಗೆ ನನಗೊಂದು ವಿಷಯ ಗಮನಕ್ಕೆ ಬಂತು. ಸೌನಾದಲ್ಲಿ ಯಾವಾಗಲೂ ಮೇಲಿನ ಹಲಗೆಯ ಮೇಲೆ ಕೂರುತ್ತಿದ್ದ ತೂಲಾ ಈಗ ಕೆಳಗಿನ ಹಲಗೆಗೆ ಇಳಿದಿದ್ದರು. ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅವರ ಕತ್ತಿನ ನರ ಓಡುತ್ತಿತ್ತು. ಎಣಿಸಿದೆ. ನಿಮಿಷಕ್ಕೆ ನೂರಾ ಎಪ್ಪತ್ತು. ಮರುದಿನವೇ ಅವರನ್ನು ಆಸ್ಪತ್ರೆಗೆ ಹೊರಡಿಸಿದೆ.

ಹೃದಯದ ಎಡಭಾಗದಲ್ಲಿ ಎಲ್ಲೋ ಒಂದು ಚುಕ್ಕೆ ತನ್ನಷ್ಟಕ್ಕೆ ತಾನೇ ವಿದ್ಯುತ್ ಹುಟ್ಟಿಸಿ ಮಿಡಿತದ ಲಯ ಕೆಡಿಸುತ್ತಿತ್ತು. ಮಾತ್ರೆಗೆ ಬಗ್ಗುತ್ತಿರಲಿಲ್ಲ. ರಕ್ತನಾಳದೊಳಗೆ ತೆಳ್ಳನೆಯ ತಂತಿ ಏರಿಸಿ ಆ ಚುಕ್ಕೆಯನ್ನು ಸುಟ್ಟುಬಿಟ್ಟರೆ ಮುಗಿಯಿತು, ಆದರೆ ಅದು ಎಲ್ಲಿದೆ ಎಂದು ತಿಳಿಯಬೇಕು. ಕಾರ್ಖಾನೆಯ ದಿನಗಳ ಕಬ್ಬಿಣದ ಚೂರೊಂದು ತೂಲಾರ ಬಲಗಣ್ಣಿನ ಹಿಂದೆ ಉಳಿದಿತ್ತು. ದೊಡ್ಡ ಅಯಸ್ಕಾಂತದ ಸ್ಕ್ಯಾನಿಂಗ್ ಯಂತ್ರದೊಳಗೆ ಅವರನ್ನು ಮಲಗಿಸಿದರೆ ಆ ಚೂರು ಸರಿದು ಕಣ್ಣು ಹೋಗುತ್ತದೆ. ಎದೆ ತೆರೆದು ಹುಡುಕೋಣವೆಂದರೆ, ಲೋಹದ ದೂಳು ಕುಡಿದ ಅವರ ಶ್ವಾಸಕೋಶ ಆ ಶಸ್ತ್ರಚಿಕಿತ್ಸೆಯನ್ನು ತಡೆಯುವುದಿಲ್ಲ ಎಂದರು ವೈದ್ಯರು. ಚುಕ್ಕೆ ಸುಡುವ ತಜ್ಞೆ ರಾಜಧಾನಿಯಿಂದ ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಮುಂದಿನ ಭೇಟಿ ನನ್ನ ನೂರಾ ಐದನೆಯ ದಿನ, ಶುಕ್ರವಾರ. ಅದರ ಮುಂದಿನ ಭೇಟಿಯವರೆಗೆ ತೂಲಾ ಇರುತ್ತಾರೆಂದು ಯಾರೂ ಹೇಳಲಿಲ್ಲ.

ಉಳಿದದ್ದು ನಮ್ಮ ಪ್ರಯೋಗಾಲಯದ ಬಟ್ಟೆ.

ಅದನ್ನು ಬಟ್ಟೆ ಎಂದೇ ಕರೆಯುತ್ತಿದ್ದೆವು. ಹೃದಯ ಮಿಡಿದಾಗಲೆಲ್ಲ ಅದರೊಳಗೆ ಸಣ್ಣ ವಿದ್ಯುತ್ ಹರಿಯುತ್ತದೆ, ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ. ಭೂಮಿಯ ಕಾಂತಕ್ಷೇತ್ರದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಸಣ್ಣದು. ಕೂದಲಿನಷ್ಟು ತೆಳ್ಳಗಿನ, ಬಳುಕುವ ಟೊಳ್ಳು ಗಾಜಿನ ಎಳೆಯೊಳಗೆ ಒಂದು ಲೋಹದ ಆವಿ ತುಂಬಿ ಬೆಳಕು ಹಾಯಿಸಿದರೆ, ಅಷ್ಟು ಸಣ್ಣ ಕ್ಷೇತ್ರಕ್ಕೂ ಆ ಬೆಳಕು ತುಸು ಮಂಕಾಗುತ್ತದೆ. ಅಂಥ ಎಳೆಗಳನ್ನು ನೇಯ್ದು ಮೈಗೆ ಸುತ್ತಿದರೆ, ಯಾವ ಎಳೆಯಲ್ಲಿ ಎಷ್ಟು ಮಂಕಾಯಿತೆಂದು ನೋಡಿ ಹೃದಯದೊಳಗೆ ವಿದ್ಯುತ್ ಓಡುವ ದಾರಿಯ ನಕ್ಷೆ ಬರೆಯಬಹುದು. ಸುರಂಗವಿಲ್ಲ, ಗಡಗಡ ಸದ್ದಿಲ್ಲ, ರೋಗಿಯನ್ನು ಎಳೆಯುವ ಅಯಸ್ಕಾಂತವಿಲ್ಲ. ಶಾಲು ಹೊದ್ದು ಮಲಗಿದಂತೆ.

ತೊಂದರೆ ಇದ್ದದ್ದು ಒಂದೇ ಕಡೆ. ಎದೆಯ ಮೇಲಿನ ತುಂಡು ಮೆತ್ತಗಿರಬೇಕು, ಬೆನ್ನಿನದು ಗಟ್ಟಿ. ಹಾಗಾಗಿ ಎರಡನ್ನೂ ಬೇರೆ ಬೇರೆ ನೇಯ್ದು ಎಡಪಕ್ಕೆಯಲ್ಲಿ ಜೋಡಿಸುತ್ತಿದ್ದರು. ಆರುನೂರಾ ನಲವತ್ತು ಎಳೆ ಈ ಕಡೆ, ಆರುನೂರಾ ನಲವತ್ತು ಆ ಕಡೆ, ನಡುವೆ ಅಂಟು. ಅಂಟಿನಲ್ಲಿ ಬೆಳಕು ಸೋರಿಹೋಗುತ್ತಿತ್ತು. ಚಿತ್ರದಲ್ಲಿ ಎರಡು ಬೆರಳಗಲದ ಕಪ್ಪು ಪಟ್ಟಿ. ತಜ್ಞೆ ಬರುವ ವಾರದ ಸೋಮವಾರ, ನನ್ನ ನೂರು ದಿನ ಮುಗಿದ ಮೇಲೆ, ತೂಲಾರನ್ನು ಮಲಗಿಸಿ ನೋಡಿದಾಗ ಹೃದಯದ ಮುಕ್ಕಾಲು ಭಾಗ ಬೆಳಗುವ ನಕ್ಷೆಯಾಗಿ ಮೂಡಿತು. ಕೆಟ್ಟ ಅಲೆ ಎಲ್ಲಿಂದ ಏಳುತ್ತಿತ್ತೆಂದರೆ, ಸರಿಯಾಗಿ ಆ ಪಟ್ಟಿಯ ಒಳಗಿನಿಂದ. ಬಟ್ಟೆಯನ್ನು ಬಲಕ್ಕೆ ತಿರುಗಿಸಿದರೆ ಆಕಾರ ಕೆಟ್ಟು ನಕ್ಷೆಯೇ ಹಾಳಾಗುತ್ತಿತ್ತು.

ಆ ಮಧ್ಯಾಹ್ನ ನಾನು ಕಪ್ಪು ಪಟ್ಟಿಯನ್ನೇ ನೋಡುತ್ತ ಕೂತೆ. ಅದನ್ನು ನಾನು ಹಿಂದೆಯೂ ನೋಡಿದ್ದೆ, ಬೇರೆ ರೂಪದಲ್ಲಿ. ನಮ್ಮ ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಹಾಸು ಬೇರೆ, ಕೆಂಪು ಸೆರಗಿನ ಹಾಸು ಬೇರೆ. ಎರಡನ್ನೂ ನಾವು ಹೊಲಿಯುವುದಿಲ್ಲ, ಗಂಟು ಹಾಕುವುದಿಲ್ಲ. ಮೈಯ ಒಂದೊಂದು ಎಳೆಯನ್ನೂ ಮಡಿಚಿ, ಸೆರಗಿನ ಒಂದೊಂದು ಎಳೆಯನ್ನು ಅದರೊಳಗೆ ಹಾಯಿಸಿ ಮಡಿಚಿ ಎಳೆಯುತ್ತೇವೆ. ಕೊಂಡಿಗೆ ಕೊಂಡಿ. ಬೆರಳಾಡಿಸಿದರೆ ಜೋಡಣೆ ತಿಳಿಯುವುದಿಲ್ಲ. ಅಪ್ಪ ನೇಯುತ್ತಾರೆ, ಊರವರು ಅಪ್ಪನ ಹೆಸರು ಹೇಳುತ್ತಾರೆ. ಕೊಂಡಿ ಹಾಕುವವಳು ಅವ್ವ.

ಮಂಗಳವಾರ ಸಿರ್ಕಾ ಅವರಿಗೆ ಹೇಳಿದೆ. ಹೇಳುವಾಗ ಮುಖ ಬಿಸಿಯಾಯಿತು. ಗಾಜಿನ ಎಳೆಯ ಮುಂದೆ ಸೀರೆಯ ಮಾತು ತೆಗೆದಿದ್ದೆ. ಅವರು ಎರಡು ಎಳೆಯ ತುಣುಕು ಎತ್ತಿ ಒಂದರ ಬಾಗನ್ನು ಇನ್ನೊಂದಕ್ಕೆ ಒತ್ತಿ ನೋಡಿದರು.

“ಎರಡು ಗಾಜಿನ ಬಾಗು ಒಂದಕ್ಕೊಂದು ಒತ್ತಿಕೊಂಡರೆ ಬೆಳಕು ಇದರಿಂದ ಅದಕ್ಕೆ ದಾಟುತ್ತೆ,” ಎಂದರು ಕೊನೆಗೆ. “ಆದರೆ ಒತ್ತಡ ಆರುನೂರಾ ನಲವತ್ತರಲ್ಲೂ ಒಂದೇ ಇರಬೇಕು. ನಮ್ಮ ಯಂತ್ರದ ಕೈಗೆ ಅದು ಆಗೋದಿಲ್ಲ, ಎಳೆ ಮುರಿಯುತ್ತೆ. ನಿನಗೆ ಬರುತ್ತಾ?”

“ಬರುತ್ತೆ,” ಎಂದೆ.

ಹತ್ತನೆಯ ತರಗತಿಯವರೆಗೆ ಅವ್ವನ ಎದುರು ಕೂತು ಎಳೆ ಹಿಡಿದುಕೊಟ್ಟಿದ್ದೆ. ಆಗಲೇ ಅವ್ವನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಆ ಹೊಳೆಯುವ ಕೋಣೆಯ ದೊಡ್ಡ ಪರದೆಯ ಮೇಲೆ ನಮ್ಮ ಮನೆಯ ತಗಡಿನ ಮಾಡು ಕಾಣುವುದು ನನಗೆ ಬೇಡವಾಗಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಬುಧವಾರ ಎಂಜಿನಿಯರ್ ಎಸ್ಕೊ ನನ್ನ ಎದುರು ಕೂತ. ನನ್ನ ವಯಸ್ಸಿನವನೇ, ಚುರುಕಿನ ಹುಡುಗ. ಮನುಷ್ಯರ ಮೈಗೆ ತಾಗುವ ಉಪಕರಣ ಕಟ್ಟುವಾಗ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳಿ ಧ್ವನಿಮುದ್ರಿಸಬೇಕು ಎಂಬುದು ಅಲ್ಲಿನ ನಿಯಮ. ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡು ನಾನು ಹಾಯಿಸಿದೆ, ಅವನು ಹಿಡಿದ.

“ನೂರಾ ಹನ್ನೆರಡು, ದಾಟಿತು.”

“ನೂರಾ ಹದಿಮೂರು, ದಾಟಿತು. ದಾಕ್ಷಾ, ಇದು ಎಡಕ್ಕೆ ಬಾಗಬೇಕಾ?”

“ಬಲಕ್ಕೆ.”

“ಹಿಂದಿನದೂ ಬಲಕ್ಕೇ ತಾನೇ?”

“ಹೌದು. ಎಷ್ಟನೆಯದು ಹೇಳಿದೆ?”

ಸಂಜೆಯ ಹೊತ್ತಿಗೆ ಎಣಿಕೆ ಆರುನೂರಾ ನಲವತ್ತಕ್ಕೇ ಮುಗಿಯಿತು. ಎಸ್ಕೊ ಚಪ್ಪಾಳೆ ತಟ್ಟಿದ. ತೂಲಾರ ಮೈಗೆ ಸುತ್ತಿ ಬೆಳಕು ಹಾಯಿಸಿದೆವು. ಕಪ್ಪು ಪಟ್ಟಿ ಹೋಗಿತ್ತು. ಅದರ ಜಾಗದಲ್ಲಿ ಹೃದಯ ಎರಡು ಹೋಳಾಗಿತ್ತು, ಒಂದು ಹೋಳು ಇನ್ನೊಂದರಿಂದ ತುಸು ಜಾರಿ ಕೂತಿತ್ತು. ಅಂಥ ನಕ್ಷೆಯನ್ನು ನಂಬಿ ಸುಟ್ಟರೆ ಒಳ್ಳೆಯ ಜಾಗ ಸುಟ್ಟುಹೋಗುತ್ತದೆ.

ಮನೆಗೆ ಹೋದಾಗ ರೇಯೊ ಅಡುಗೆಮನೆಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದರು. ತೂಲಾ ಆಸ್ಪತ್ರೆಯಲ್ಲೇ ಉಳಿದಿದ್ದರು. ಆಗಲಿಲ್ಲ ಎಂದೆ. ಅವರು ತಲೆಯೆತ್ತಲಿಲ್ಲ. ಒಂದು ಗಂಟು ಬಿಗಿದು, “ನಮ್ಮದು ಮೊದಲಿನಿಂದಲೂ ಸುಮ್ಮನಿರೋ ಮನೆ. ಆದರೆ ಅವಳಿಲ್ಲದೆ ಸುಮ್ಮನಿರೋದು ನನಗೆ ಬರೋದಿಲ್ಲ,” ಎಂದರು. ನೂರು ದಿನದಲ್ಲಿ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಅವರ ಕೈ ನೋಡಿದೆ. ದಪ್ಪ ಬೆರಳು, ಆದರೆ ನೂಲು ಅವುಗಳ ನಡುವೆ ನೀರಿನಂತೆ ಹರಿಯುತ್ತಿತ್ತು. ಎದ್ದು ಹೋಗಿ ಅವ್ವನಿಗೆ ಜೋಡಣೆಯ ಹಿಗ್ಗಿಸಿದ ಫೋಟೊ ಕಳಿಸಿ, ನಡೆದದ್ದನ್ನೆಲ್ಲ ಬರೆದೆ.

ಗುರುವಾರ ಬೆಳಿಗ್ಗೆ ಅವಳೇ ಕರೆ ಮಾಡಿದಳು.

“ದಾಕ್ಷಿ, ಇಲ್ಲಿ ತನಕ ಛಲೋ ಐತಿ. ಇಲ್ಲಿ ಯಾರೋ ಬಾಯಿ ತಗದಾರ.”

“ಯಾರ ಯವ್ವ?”

“ನೀವ. ಮಾತಾಡಿಕೋಂತ ಹಾಕೀರಿ. ಈ ಕಡೆದೊಂದು ಬಿಟ್ಟೀರಿ, ಮುಂದ ಹೋಗಿ ಆ ಕಡೆದೊಂದು ಬಿಟ್ಟೀರಿ, ಎಣಿಸೂದರಾಗೂ ಒಂದು ಹಾರೀರಿ. ನಡುವಿಂದೆಲ್ಲಾ ಜಾರೇತಿ. ಮನ್ಯಾಗ ನೀ ಯಾವಾಗರೆ ಹಂಗ ಹಾಕಿದ್ದು ನೋಡೀಯೇನ?”

ನೋಡಿರಲಿಲ್ಲ. ಕೊಂಡಿ ಹಾಕುವಾಗ ನಮ್ಮ ಮನೆಯಲ್ಲಿ ಮಾತಿಲ್ಲ. ಅಜ್ಜಿ ತೀರಿಕೊಂಡ ಸುದ್ದಿ ತಂದ ಸೋದರಮಾವನೂ ಕೊನೆಯ ಎಳೆ ದಾಟುವವರೆಗೆ ಹೊಸ್ತಿಲಲ್ಲಿ ನಿಂತು ಕಾದಿದ್ದ. ಅದನ್ನು ನಾನು ಅವ್ವನ ಹಟ ಎಂದುಕೊಂಡಿದ್ದೆ. ಎಣಿಕೆ ಅವಳ ಬಾಯಲ್ಲಿ ಇರುವುದಿಲ್ಲ, ಬೆರಳಲ್ಲಿ ಇರುತ್ತದೆ, ಮಾತು ಬಂದರೆ ಬೆರಳು ಮರೆಯುತ್ತದೆ ಎಂಬುದು ಆ ಬೆಳಿಗ್ಗೆ ತಿಳಿಯಿತು. ಪ್ರಯೋಗಾಲಯದ ನಿಯಮಕ್ಕೆ ತಲೆಬಾಗಿ ಮನೆಯ ನಿಯಮವನ್ನು ನಾನೇ ಮುರಿದಿದ್ದೆ.

ಸಿರ್ಕಾ ಅವರ ಬಳಿ ಎರಡು ಕೇಳಿದೆ: ಎಸ್ಕೊನ ಜಾಗದಲ್ಲಿ ರೇಯೊ ಕೂರಬೇಕು, ಮತ್ತೆ ಯಾರೂ ಮಾತಾಡಬಾರದು.

“ಕ್ಯಾಮೆರಾ ದಾಖಲೆ ಸಾಕು,” ಎಂದರು ಅವರು. “ಫಿನ್‌ಲೆಂಡಿನಲ್ಲಿ ಸುಮ್ಮನಿರೋದಕ್ಕೆ ಅನುಮತಿ ಕೇಳೋ ಕಾಲ ಬಂತಲ್ಲ!”

ಹಿಂದಿನ ದಿನದ ಕೊಂಡಿಗಳನ್ನೆಲ್ಲ ಬಿಚ್ಚಿಯಾದ ಮೇಲೆ, ಕೆಲಸದ ಕೋಣೆಯ ದೊಡ್ಡ ಪರದೆಯ ಮೇಲೆ ಅವ್ವ ಮೂಡಿದಳು. ಹಿಂದೆ ತಗಡಿನ ಮಾಡು, ಮಗ್ಗದ ಚೌಕಟ್ಟು, ಗೋಡೆಗೆ ಒರಗಿಸಿದ ಕೊಡ. ಇತ್ತ ಸಿರ್ಕಾ, ಎಸ್ಕೊ, ಇನ್ನೂ ನಾಲ್ಕು ಜನ ಸಂಶೋಧಕರು ಗೋಡೆಗುಂಟ ನಿಂತಿದ್ದರು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎಲ್ಲರನ್ನೂ ಒಮ್ಮೆ ನೋಡಿದಳು.

“ಇವರು ಯಾರ, ಇಷ್ಟು ಕೆಂಪಗ ಅದಾರಲ್ಲ?”

“ಮನಿ ಯಜಮಾನ್ರು. ರೇಯೊ ಅಂತ. ಆರಾಮಿಲ್ಲದಾಕಿ ಇವರ ಹೇಣ್ತಿ.”

ಅವ್ವನ ದನಿ ಮೆತ್ತಗಾಯಿತು. “ಅಣ್ಣಾರ, ಕೈ ತೋರಸ್ರಿ.”

ನಾನು ಅನುವಾದಿಸಿದೆ. ರೇಯೊ ಎರಡೂ ಅಂಗೈ ಎತ್ತಿ ಕ್ಯಾಮೆರಾಕ್ಕೆ ಹಿಡಿದರು, ಶಾಲೆಯಲ್ಲಿ ಉಗುರು ತೋರಿಸುವವರ ಹಾಗೆ.

“ಬಲಿ ಹೆಣೀತಾರನ?”

“ಹೂಂ.”

“ಗೊತ್ತಾತು. ಈ ಕೈ ನಿನ್ನ ಕೈಕಿಂತ ಛಲೋ ಅದಾವ. ನೀ ಹಿಡಿ, ಅವರು ಹಾಯಸಲಿ.”

ಹೀಗೆ ನನ್ನನ್ನು ಒಂದೇ ಮಾತಿನಲ್ಲಿ ಸಹಾಯಕಳ ಜಾಗಕ್ಕೆ ಇಳಿಸಿದಳು. ಮೊದಲ ಹತ್ತು ಕೊಂಡಿ ಅವರಿಗೆ ಕಲಿಸುವುದಕ್ಕೆ. “ಅಷ್ಟು ಬಿಗಿ ಬ್ಯಾಡ ಅಣ್ಣಾರ, ಅದು ಮೀನಲ್ಲ, ಓಡಿ ಹೋಗೂದಿಲ್ಲ. ಕೂಸಿನ ಕಿವ್ಯಾಗಿನ ರಿಂಗ್ ತಗದಂಗ ತಗೀರಿ.” ಇದನ್ನು ಅನುವಾದಿಸಿದಾಗ ರೇಯೊ ತುಟಿಯಂಚಿನಲ್ಲಿ ನಕ್ಕರು. ಅಣ್ಣಾರ ಅಂದರೇನೆಂದು ಕೇಳಿದರು. ಹೇಳಿದೆ. “ನನಗೆ ತಂಗಿ ಇರಲಿಲ್ಲ,” ಎಂದರು. ಪರದೆಯತ್ತ ತಿರುಗಿ ತಲೆಬಾಗಿದರು. ಎಸ್ಕೊ ಮುಂದೆ ಬಂದು, ಎಷ್ಟು ಬಲ ಹಾಕಬೇಕೆಂದು ಒಂದು ಅಂಕಿ ಹೇಳಲು ನಿನ್ನ ತಾಯಿಗೆ ಸಾಧ್ಯವೇ ಎಂದು ಕೇಳಿದ.

“ಆ ಹುಡುಗಗ ಹೇಳು, ಅಂಕಿ ನನಗ ಗೊತ್ತಿಲ್ಲ, ತಪ್ಪಿದ್ರ ಗೊತ್ತಾಕ್ಕೇತಿ. ಛಲೋ ಆದ್ರ ನಾ ಸುಮ್ನಿರ್ತೀನಿ. ತಪ್ಪಿದ್ರ ಮಗ್ಗಕ್ಕ ಎರಡು ಸಲ ಬಡೀತೀನಿ. ಇನ್ನ ಯಾರೂ ಮಾತಾಡಬ್ಯಾಡ್ರಿ.”

ಶುರುವಾಯಿತು.

ಆ ಐದು ಗಂಟೆಗಳ ಬಗ್ಗೆ ಬರೆಯುವುದು ಕಷ್ಟ. ನಡೆದದ್ದು ಕಡಿಮೆ. ನಾನು ಎಳೆ ಮಡಿಚಿ ಹಿಡಿಯುತ್ತಿದ್ದೆ, ರೇಯೊ ತಮ್ಮ ಎಳೆ ಹಾಯಿಸಿ ಮಡಿಚಿ ಎಳೆಯುತ್ತಿದ್ದರು. ಅಷ್ಟೇ. ಐವತ್ತರ ಹೊತ್ತಿಗೆ ಎಣಿಸುವುದನ್ನು ಬಿಟ್ಟೆ. ನೂರರ ಹೊತ್ತಿಗೆ ಅವರ ಉಸಿರು ನನ್ನ ಉಸಿರು ಒಂದೇ ಅಳತೆಗೆ ಬಂದವು. ಗೋಡೆಗುಂಟ ನಿಂತವರು ಒಬ್ಬೊಬ್ಬರಾಗಿ ಶೂ ಬಿಚ್ಚಿ ನೆಲಕ್ಕೆ ಕೂತರು. ಏಳು ಸಾವಿರ ಕಿಲೋಮೀಟರ್ ದೂರದಲ್ಲಿ ಅವ್ವ ಕಣ್ಣು ಕದಲಿಸದೆ ನಮ್ಮ ಬೆರಳುಗಳನ್ನು ನೋಡುತ್ತಿದ್ದಳು. ಮಧ್ಯೆ ಯಾರೋ ನೆರೆಯವರು ಅವಳ ಬಾಗಿಲಿಗೆ ಬಂದರು, ಕೈಯೆತ್ತಿ ತಡೆದಳು, ಅವರೂ ಸುಮ್ಮನೆ ನಿಂತರು. ಎಷ್ಟೋ ಬಗೆಯ ಮೌನಗಳನ್ನು ನಾನು ಬಲ್ಲೆ. ಪರೀಕ್ಷೆಯ ಫಲಿತಾಂಶದ ಮುಂಚಿನದು, ಜಗಳದ ನಂತರದ್ದು, ಯಾರೂ ಇಲ್ಲದ ಮನೆಯದು. ಎರಡು ದೇಶದ ಇಷ್ಟು ಜನ ಸೇರಿ ಒಂದು ಮೌನವನ್ನು ತಟ್ಟೆಯಲ್ಲಿಟ್ಟ ನೀರಿನಂತೆ ಚೆಲ್ಲದೆ ಹಿಡಿದದ್ದನ್ನು ಅಂದೇ ಮೊದಲು ಕಂಡೆ. ಅದರ ಒಡತಿ ನನ್ನ ಅವ್ವ. ನನ್ನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಒಂದೇ ಒಂದು ಸಲ ಮಗ್ಗದ ಕಟ್ಟಿಗೆ ಟಕ್ ಟಕ್ ಎಂದಿತು. ರೇಯೊ ನಿಂತರು. ಭೂತಗನ್ನಡಿಯಲ್ಲಿ ಬಗ್ಗಿ ನೋಡಿದರು. ಒಂದು ಕೊಂಡಿ ತಿರುಚಿಕೊಂಡಿತ್ತು. ಬಿಚ್ಚಿ ಮತ್ತೆ ಹಾಕಿದರು. ಪರದೆ ನೋಡಿದರು. ಅವ್ವ ಕಣ್ಣಲ್ಲೇ ಹೂಂ ಎಂದಳು.

ಕೊನೆಯ ಎಳೆ ದಾಟಿದಾಗ ಎರಡೂ ಕಡೆ ಒಂದು ಎಳೆಯೂ ಉಳಿದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ, ಹೊರಗಿನ ಕಾಂತಕ್ಷೇತ್ರ ನುಸುಳದ ಗೋಡೆಗಳ ಕೋಣೆಯಲ್ಲಿ ತೂಲಾರನ್ನು ಮಲಗಿಸಿ ಬಟ್ಟೆ ಸುತ್ತಿದೆ. ನಿಯಮದಂತೆ ಒಳಗೆ ನಾನೊಬ್ಬಳೇ.

“ಇದನ್ನ ರೇಯೊ ಮಾಡಿದನಂತೆ?” ಎಂದು ಕೇಳಿದರು.

“ನನ್ನ ಅವ್ವ ಮಾಡಿಸಿದಳು. ರೇಯೊ ಮಾಡಿದರು.”

“ಮೂವತ್ತೈದು ವರ್ಷದಲ್ಲಿ ನನಗೆ ಅವನು ಒಂದು ಕಾಲುಚೀಲ ಹೆಣೆದುಕೊಟ್ಟಿಲ್ಲ.” ಎಡಪಕ್ಕೆಯ ಮೇಲೆ ಬೆರಳಾಡಿಸಿದರು. “ಎಲ್ಲಿ ಜೋಡಿಸಿದ್ದೀರಿ? ಸಿಗ್ತಾನೇ ಇಲ್ಲವಲ್ಲ.”

ಕಣ್ಣು ಮುಚ್ಚಿದರು. ಅವರ ಕೈ ಹಿಡಿದು ನಿಂತೆ. ಏನೂ ಸದ್ದಿಲ್ಲ. ಹನ್ನೊಂದು ನಿಮಿಷ.

ಹೊರಗೆ ಬಂದು ನೋಡಿದರೆ ಪರದೆಯ ಮೇಲೆ ಇಡೀ ಹೃದಯವಿತ್ತು. ಪಟ್ಟಿಯಿಲ್ಲ, ಹೋಳಿಲ್ಲ. ಪ್ರತಿ ಮಿಡಿತಕ್ಕೂ ಬೆಳಕಿನ ಅಲೆ ಮೇಲಿನಿಂದ ಕೆಳಗೆ ಹರಿಯುತ್ತಿತ್ತು. ಆಮೇಲೆ ಒಮ್ಮೆಲೇ ಎಡಬದಿಯ ಹಿಂಗೋಡೆಯಲ್ಲಿ, ಜೋಡಣೆಯ ಸಾಲಿನ ನೇರಕ್ಕೆ, ಅಕ್ಕಿಕಾಳಿನಷ್ಟು ಜಾಗದಿಂದ ಅಡ್ಡ ಅಲೆಯೊಂದು ಎದ್ದಿತು. ಎಸ್ಕೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ರಾಜಧಾನಿಯ ತಜ್ಞೆ ಪರದೆಯ ಹತ್ತಿರ ಬಂದು ಆ ಕಾಳಿನ ಮೇಲೆ ಬೆರಳಿಟ್ಟು, “ಇಷ್ಟು ಸಾಕು ನನಗೆ,” ಎಂದರು. ಮಧ್ಯಾಹ್ನ ತಂತಿ ಒಳಗೆ ಹೋದ ಇಪ್ಪತ್ತನೆಯ ನಿಮಿಷಕ್ಕೆ ಆ ಕಾಳು ಇರಲಿಲ್ಲ. ಸಂಜೆ ತೂಲಾರ ಕತ್ತಿನ ನರ ಎಣಿಸಿದೆ. ಅರವತ್ತೆಂಟು. ಮತ್ತೆ ಎಣಿಸಿದೆ. ಅರವತ್ತೆಂಟು. ರೇಯೊ ಹಾಸಿಗೆಯ ಪಕ್ಕ ಕೂತಿದ್ದರು. ಇಬ್ಬರೂ ಸುಮ್ಮನಿದ್ದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅವ್ವನಿಗೆ ಫೋನ್ ಮಾಡಿದೆ.

“ಉಳದ್ರು ಯವ್ವ. ನಾಡದ ಮನಿಗೆ ಬರ್ತಾರ.”

ಫೋನ್ ಮಗ್ಗದ ಮೇಲೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ಅವಳ ಹೆಜ್ಜೆ, ಬಾಗಿಲು, ಓಣಿ. ಮನೆಯಲ್ಲೇ ದನಿ ಏರಿಸಿ ಗೊತ್ತಿಲ್ಲದ ನನ್ನ ಅವ್ವ ಓಣಿಯ ತುದಿಗೆ ಕೇಳುವಂತೆ ಕೂಗುತ್ತಿದ್ದಳು:

“ಏ ಗುರವ್ವಾ! ಏ ನಾಗರತ್ನಾ! ಬರ್ರಿ ಇಲ್ಲಿ. ನಾ ಹಾಕಿಸಿದ ಕೊಂಡೀಲೆ ಒಬ್ಬಾಕಿ ಜೀಂವ ಉಳದೈತಿ! ಫಿನ್‌ಲೆಂಡ್ ಅಂತ, ಅಲ್ಲಿ! ದೊಡ್ಡ ದೊಡ್ಡ ಡಾಕ್ಟರು ನೆಲಕ್ಕ ಕುಂತು ನೋಡ್ಯಾರ! ಎಷ್ಟ ಅಂದಿ? ಸಾವಿರ, ಸಾವಿರದ ಮ್ಯಾಲ ಕೊಂಡಿ!”

ಒಂದೊಂದಾಗಿ ಓಣಿಯ ಮಗ್ಗಗಳು ನಿಂತವು. ಹೆಂಗಸರ ದನಿಗಳು ಅವಳ ಸುತ್ತ ಸೇರಿದವು. ಅವಳು ಮತ್ತೆ ಮೊದಲಿನಿಂದ ಹೇಳತೊಡಗಿದಳು, ಈ ಸಲ ಎರಡು ಸಾವಿರ. ನಾನು ಹಿಮದ ಮೆಟ್ಟಿಲ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು, ತಿದ್ದದೆ ಕೇಳಿಸಿಕೊಂಡೆ.